ಓಗೊಡುವ ರೆಕ್ಕೆ

ಅಕ್ಟೋಬರ್ 6, 2025, ಸೋಮವಾರ

ಊರು ಸೇರಿದೆ. ಊಟಿಯಿಂದ ಮಂಜೂರಿನ ಕಡೆಗಿನ ತಿರುವುಗಳಲ್ಲಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ. ಸಮುದ್ರದ ಮೇಲೆ ವರ್ಷಗಟ್ಟಲೆ ಹಾರಿದ ಲೆಫ್ಟಿನೆಂಟ್ ಕಮಾಂಡರ್ ಸತ್ಯಾ, ನೌಕಾಪಡೆ, ಸರ್ಕಾರಿ ಬಸ್ಸಿನಲ್ಲಿ ವಾಂತಿ ಬಂದೀತೆಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಕುಳಿತಿದ್ದಳು. ಪಕ್ಕದ ಸೀಟಿನ ಅಜ್ಜಿ ಮೂಸಲು ಒಂದು ನಿಂಬೆಹಣ್ಣು ಕೊಟ್ಟರು. ನನ್ನಲ್ಲಿ ಉಳಿದಿದ್ದ ಗತ್ತೆಲ್ಲ ಆ ತಿರುವುಗಳಲ್ಲೇ ಬಿದ್ದುಹೋಯಿತು.

ಹಟ್ಟಿಯಲ್ಲಿ, ನಮ್ಮ ಮನೆಯ ಬಾಗಿಲಲ್ಲಿ ಕೆಂಪಿ ಮಾಮಿ ನಿಂತಿದ್ದಳು. ಮಾಮಿ ಅಪ್ಪನ ಅಕ್ಕ. ಮಾಮ ತೀರಿಕೊಂಡ ಮೇಲೆ ತವರಿಗೆ ಬಂದು, ಈ ಮನೆಯನ್ನೂ ಅಪ್ಪನನ್ನೂ ಟೀ ತೋಟವನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ನಡೆಸುತ್ತಿದ್ದಾಳೆ. ಹಿರಿಯರನ್ನು ಕಂಡರೆ ನಾವು ತಲೆ ಬಾಗಿಸಬೇಕು, ಅವರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಬಾಗಿಸಿದೆ. ತಲೆ ಗಿರ್ರೆಂದು ತಿರುಗಿ ಸೀದಾ ಮಾಮಿಯ ಮೇಲೇ ಬಿದ್ದೆ.

“ಏನ ಕೂಸೆ, ಹರಸಿ ಮುಗಿಸೋ ತನಕ ನಿಲ್ಲಕ್ಕೂ ಆಗಲ್ಲೆಯಾ ನಿನಗ?” ಅಂದಳು. ಆದರೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಒಳಗಿವಿಯ ಸೋಂಕು ವಾಸಿಯಾಗಿದೆ, ತಲೆಸುತ್ತು ಮಾತ್ರ ಉಳಿದಿದೆ. ನವೆಂಬರ್ ಕೊನೆಗೆ ಮೆಡಿಕಲ್ ಬೋರ್ಡ್. ಅವರು ಸರಿ ಅಂದರೆ ಮತ್ತೆ ಡಾರ್ನಿಯರ್ ವಿಮಾನದಲ್ಲಿ ನನ್ನ ಅಬ್ಸರ್ವರ್ ಕುರ್ಚಿ, ರಾಡಾರ್ ಪರದೆ, ಪಕ್ಕದ ಉಬ್ಬು ಕಿಟಕಿ. ಇಲ್ಲ ಅಂದರೆ ನೆಲದ ಮೇಲಿನ ಕೆಲಸ. ನನಗೆ ಬೇರೆ ಏನೂ ಬೇಡ. ಆ ಕುರ್ಚಿ ಕೊಟ್ಟರೆ ಸಾಕು.

ಅಕ್ಟೋಬರ್ 8, ಬುಧವಾರ

ಬಹಳ ದಿನಗಳ ಮೇಲೆ ಕನ್ನಡ ಬರೆಯುತ್ತಿದ್ದೇನೆ. ಅಪ್ಪ ಹಟ್ಟಿಯ ಹೊರಗೆ, ಗುಂಡ್ಲುಪೇಟೆಯ ಹುಡುಗಿಯನ್ನು ಮದುವೆಯಾದದ್ದರ ಲಾಭ ಇದು. ಅಕ್ಷರ ತಿದ್ದಿಸಿದ್ದು ಅಮ್ಮ. ಅಮ್ಮ ಈಗಿಲ್ಲ, ಅಕ್ಷರ ಇದೆ. ಸ್ಕ್ವಾಡ್ರನ್ನಿನಲ್ಲಿ ಯಾರಿಗೂ ಇದನ್ನು ಓದಲು ಬರುವುದಿಲ್ಲ ಅನ್ನುವುದು ಇನ್ನೊಂದು ಅನುಕೂಲ.

ಕಮಾಂಡಿಂಗ್ ಆಫೀಸರ್ ಫೋನ್ ಮಾಡಿದ್ದರು. ನಮ್ಮ ಸ್ಕ್ವಾಡ್ರನ್ನಿಗೆ ಚಾಲಕರಹಿತ ವಿಮಾನಗಳು ಬರಲಿವೆ. ಬೇರೆ ಕಡೆ ವರ್ಷಗಳಿಂದ ಇವೆ, ಆದರೆ ಅವುಗಳ ಜನವೇ ಬೇರೆ, ಕಟ್ಟಡವೇ ಬೇರೆ, ಮೆಸ್ಸಿನಲ್ಲಿ ಕೂರುವ ಮೇಜೂ ಬೇರೆ. ನವೆಂಬರಿನಲ್ಲಿ ಇಲ್ಲೇ ಕೂನೂರಿನ ಬಳಿಯ ವೆಲಿಂಗ್ಟನ್ನಿನಲ್ಲಿ ಗೋಷ್ಠಿಯಂತೆ. ಜನರಿರುವ ವಿಮಾನಗಳ ಜೊತೆಗೆ ಇವುಗಳನ್ನು ಹೇಗೆ ಸೇರಿಸಿಕೊಳ್ಳಬೇಕು ಅನ್ನುವುದು ವಿಷಯ. “ನೀನು ಅಲ್ಲೇ ಹತ್ತಿರದಲ್ಲಿದ್ದೀಯ, ಬಿಡುವಾಗಿಯೂ ಇದ್ದೀಯ, ಒಂದು ಪ್ರಬಂಧ ಮಂಡಿಸು” ಅಂದರು.

ಬಿಡುವು! ಈ ಮನೆಯಲ್ಲಿ ಯಾರು ಬಿಡುವಾಗಿದ್ದಾರೆ? ಬೆಳಿಗ್ಗೆಯಿಂದ ಅವರೆಕಾಯಿ ಸುಲಿಯುತ್ತಿದ್ದೇನೆ. ಪ್ರಬಂಧದ ಶೀರ್ಷಿಕೆ ಮಾತ್ರ ಆಗಲೇ ಬರೆದಿಟ್ಟಿದ್ದೇನೆ: ‘ಕಣ್ಣಿಗೆ ಬದಲಿಲ್ಲ’. ಅಷ್ಟೇ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಅಕ್ಟೋಬರ್ 11, ಶನಿವಾರ

ಮನೆಯಲ್ಲಿ ಯುದ್ಧ. ಅಪ್ಪ ಕೂನೂರಿನಿಂದ ಎಲೆ ಕೊಯ್ಯುವ ಮಷಿನ್ ತರಿಸಿದ್ದಾರೆ. ಹಟ್ಟಿಯ ಸಣ್ಣ ತೋಟದವರೆಲ್ಲ ಸೇರಿ ಕೊಂಡದ್ದು. ಇಬ್ಬರು ಎರಡು ತುದಿ ಹಿಡಿದು ಗಿಡದ ಮೇಲೆ ನಡೆಸಬೇಕು, ಹಿಂದೆ ಒಬ್ಬರು ಚೀಲ ಎತ್ತಿಕೊಂಡು ಹೋಗಬೇಕು. ಕಲಿಸಲು ಸೆಂಥಿಲ್ ಅನ್ನುವವನೂ ಅದರ ಜೊತೆಗೇ ಬಂದಿದ್ದಾನೆ.

ಕುಂದಾ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು ಅಪ್ಪ, ಸ್ವಿಚ್ಚು ಇರುವ ಯಾವುದನ್ನು ಕಂಡರೂ ಅವರಿಗೆ ಪ್ರೀತಿ. ಮಾಮಿ ಮಷಿನ್ನಿನ ಸುತ್ತ ಒಂದು ಸುತ್ತು ಹಾಕಿದಳು.

“ಇದಕ್ಕೆ ಎಳೆ ಎಲೆ ಯಾವುದು, ಬಲಿತ ಕರಟು ಎಲೆ ಯಾವುದು ಗೊತ್ತಾ?”

“ಗೊತ್ತಿಲ್ಲೆ ಅಕ್ಕ, ಎತ್ತರ ನೋಡಿ ಕತ್ತರಿಸ್ತದೆ. ಎಲೆ ಜೋರು ಬರೋ ತಿಂಗಳಲ್ಲಿ ಕೈ ಸಾಲದು ಅಂತ ನೀನೇ ಹೇಳ್ತಿದ್ದೆ ತಾನೆ?”

“ಕೈ ಸಾಲದು ಅಂದೆ. ಕೈ ಬೇಡ ಅಂದಿಲ್ಲೆ.”

ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಈ ಮಾತನ್ನು ಪ್ರಬಂಧದ ಮೊದಲ ಸಾಲಾಗಿ ಹಾಕಬಹುದು. ಮಾಮಿಯ ಹೆಸರು ಹಾಕಿದರೆ ಅಡ್ಮಿರಲ್‌ಗಳು ಯಾವ ದೇಶದ ತಜ್ಞೆ ಎಂದು ಕೇಳಿಯಾರು.

ಅಕ್ಟೋಬರ್ 15, ಬುಧವಾರ

ತಲೆಸುತ್ತು. ಡಾಕ್ಟರು ಹೇಳಿದ ಅಭ್ಯಾಸವನ್ನು ಟೀ ಸಾಲುಗಳ ನಡುವೆ ಮಾಡುತ್ತೇನೆ: ದೂರದ ಸಿಲ್ವರ್ ಓಕ್ ಮರದ ಮೇಲೆ ಕಣ್ಣು ನೆಟ್ಟು, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ನೇರ ನಡೆಯುವುದು. ಎಲೆ ಕೀಳುವ ಹೆಂಗಸರು ಕೆಲಸ ಬಿಟ್ಟು ನೋಡುತ್ತಾರೆ. ನನ್ನ ಮೈಮೇಲೆ ದೇವರು ಬರುತ್ತದೆ ಎಂದು ಹಟ್ಟಿಯಲ್ಲಿ ಸುದ್ದಿ.

ಸಂಜೆ ಸಂತೋಷ್‌ಕುಮಾರ್ ಫೋನ್ ಮಾಡಿದ್ದ. ತರಬೇತಿಯಲ್ಲಿ ನನ್ನ ಜೊತೆಗಿದ್ದವನು, ಗೂಡಲೂರಿನವನು. ಕನ್ನಡ, ಮಲಯಾಳ, ತಮಿಳು ಮೂರನ್ನೂ ಒಂದೇ ಬಟ್ಟಲಲ್ಲಿ ಕಲಸಿ ಮಾತಾಡುತ್ತಾನೆ. ಡಾರ್ನಿಯರ್ ಪೈಲಟ್ ಆಗಿದ್ದವನು ಚಾಲಕರಹಿತ ವಿಮಾನಕ್ಕೆ ಹೋದ. ಅಂದಿನಿಂದ ಅವನನ್ನು ‘ಕುರ್ಚಿ ಪೈಲಟ್’ ಎಂದೇ ಕರೆಯುತ್ತೇನೆ.

“ಎಡೀ ಸತ್ಯಾ, ನಮ್ಮ ಮೇಲೆ ಏನೋ ಬರೀತಿದ್ದೀಯಂತೆ. ಬೈದು ಬರಿ, ಪರವಾಗಿಲ್ಲ. ಒಂದೇ ಒಂದು ಕೇಳ್ತೀನಿ. ಇಂಧನ ಮುಗೀತು ಅಂತ ನೀವು ವಾಪಸ್ ಹೋಗ್ತೀರಲ್ಲ, ಆಗ ಅಲ್ಲಿ ಯಾರಿರ್ತಾರೆ?”

“ಇನ್ನೊಂದು ವಿಮಾನ ಬರ್ತದೆ.”

“ಬರೋ ತನಕ?”

ಸಿಗ್ನಲ್ ಹೋಯಿತು. ನಾನೇ ಕತ್ತರಿಸಿದೆ ಅಂದುಕೊಂಡಿರುತ್ತಾನೆ. ಅಂದುಕೊಳ್ಳಲಿ.

ಅಕ್ಟೋಬರ್ 19, ಭಾನುವಾರ

ಅವನ ಪ್ರಶ್ನೆ ಹೋಗುತ್ತಿಲ್ಲ.

ಹೋದ ವರ್ಷ ಬೇಪೂರಿನ ಮೀನಿನ ದೋಣಿಯೊಂದು ಮಗುಚಿತ್ತು. ಕತ್ತು ಸೆಟೆಯುವವರೆಗೆ ಕಿಟಕಿಯಲ್ಲಿ ನೋಡಿ ನೋಡಿ, ಕೊನೆಗೆ ನೀರಿನಲ್ಲೊಂದು ಕಿತ್ತಳೆ ಬಣ್ಣದ ಕ್ಯಾನು ಕಂಡೆ. ಅದನ್ನು ಹಿಡಿದುಕೊಂಡು ಜನ. ನಾವು ಕೆಳಗಿಳಿದು ರೆಕ್ಕೆ ಅಲ್ಲಾಡಿಸಿದೆವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಿಮ್ಮನ್ನು ನೋಡಿದೆವು ಅನ್ನುವುದಕ್ಕೆ ವೈಮಾನಿಕರಿಗಿರುವ ಮಾತು ಅದೊಂದೇ. ತೆಪ್ಪ ಎಸೆದೆವು. ಆಮೇಲೆ ಇಂಧನಕ್ಕಾಗಿ ವಾಪಸ್. ಮತ್ತೆ ಬರುವ ಹೊತ್ತಿಗೆ ಹರಿವು ಅವರನ್ನು ಎಲ್ಲಿಗೋ ಒಯ್ದಿತ್ತು, ಹುಡುಕಿದ್ದೇ ಹುಡುಕಿದ್ದು. ಸಂಜೆ ಹಡಗೊಂದು ಎಲ್ಲರನ್ನೂ ಎತ್ತಿಕೊಂಡಿತು.

ದಕ್ಕೆಯಲ್ಲಿ ಅವರಲ್ಲೊಬ್ಬರು ಮಗಳನ್ನು ಕರೆಯುವ ಹಾಗೆ ಕರೆದು ನನ್ನ ಕೈ ಹಿಡಿದುಕೊಂಡರು. “ರೆಕ್ಕೆ ಆಡಿಸಿದಿರಲ್ಲ ಮೋಳೆ, ಆಗ ಇನ್ನು ಸಾಯಲ್ಲ ಅನ್ನಿಸಿತು. ನೀವು ಹೋದಿರಲ್ಲ, ಆಗ ಮರೆತರು ಅನ್ನಿಸಿತು” ಅಂದರು.

ಮೊದಲ ವಾಕ್ಯವನ್ನು ಪ್ರಬಂಧಕ್ಕೆ ಹಾಕಿದ್ದೇನೆ. ಎರಡನೆಯದನ್ನು ಹಾಕಿಲ್ಲ. ಹಾಕಿದರೆ ಸಂತೋಷನಿಗೆ ನಾನೇ ಗೆಲುವು ಕೊಟ್ಟ ಹಾಗೆ.

ಅವನಿಗೆ ಒಂದು ಮೆಸೇಜ್ ಕಳಿಸಿದೆ: ನಿನ್ನ ಆಟಿಕೆ ರೆಕ್ಕೆ ಅಲ್ಲಾಡಿಸುತ್ತದೆಯೇ? ಉತ್ತರ ಬಂತು: ‘ಅಷ್ಟು ಮೇಲಿರ್ತದೆ, ಅಲ್ಲಾಡಿಸಿದರೂ ಯಾರು ನೋಡ್ತಾರೆ? ಅದು ಇದೆ ಅಂತಲೇ ಕೆಳಗಿನವರಿಗೆ ಗೊತ್ತಿರಲ್ಲ.’ ಗೆದ್ದೆ. ಈ ಉತ್ತರವನ್ನೂ ಪ್ರಬಂಧಕ್ಕೆ ಹಾಕಿದೆ.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿಯ ಎಣ್ಣೆ ತಿಂಡಿ ಇನ್ನೂ ಮುಗಿದಿಲ್ಲ. ಮುಗಿಯದಿರಲಿ.

ಮಷಿನ್ ಕೆಲಸ ಶುರುವಾಗಿದೆ. ಅಪ್ಪ ತೋಟವನ್ನು ಎರಡು ಪಾಲು ಮಾಡಿದ್ದಾರೆ: ರಸ್ತೆಯ ಕಡೆಯ ಸಮತಟ್ಟು ಮಷಿನ್ನಿಗೆ, ಹೊಳೆಯ ಕಡೆಯ ಇಳಿಜಾರು ಮಾಮಿ ಮತ್ತು ಹೆಂಗಸರಿಗೆ. ಎರಡು ಸೈನ್ಯ, ನಡುವೆ ಗಡಿ. ಮಷಿನ್ನಿನ ಕಡೆಯವರು ಮರದ ಕೆಳಗೆ ಟೀ ಕುಡಿಯುತ್ತಾರೆ, ಕೈಯವರು ಬಂಡೆಯ ಹತ್ತಿರ. ನಮ್ಮ ಮೆಸ್ಸು ನೆನಪಾಗಿ ನಗು ಬಂತು.

ಸೆಂಥಿಲ್ ಚುರುಕು, ಆದರೆ ಅವನಿಗೆ ನಮ್ಮ ಗಿಡಗಳ ಪರಿಚಯವಿಲ್ಲ. ಹಳೆಯ ಗಿಡಗಳನ್ನೂ ಆಳವಾಗಿ ಕತ್ತರಿಸಿದ. ಒಂದು ಸಾಲು ಸೊರಗಿ ನಿಂತಿದೆ. ಸಂಜೆ ಎರಡೂ ಕಡೆಯ ಎಲೆ ಒಂದೇ ರಾಶಿಗೆ ಬಿದ್ದು, ಫ್ಯಾಕ್ಟರಿಯವರು ಮೂಗು ಮುರಿದರು. ಮಾಮಿ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. “ಅವನಿಗೆ ಅನ್ನ ಬೇಕಾ ಕೇಳು ಕೂಸೆ” ಎಂದು ನನ್ನ ಮೂಲಕ ಕೇಳಿಸುತ್ತಾಳೆ. ಅಪ್ಪ ಎದುರಿಗೇ ಕುಳಿತಿರುತ್ತಾರೆ.

ಅಕ್ಟೋಬರ್ 30, ಗುರುವಾರ

ಸುತ್ತು. ಬರೆಯಲಾಗುತ್ತಿಲ್ಲ. ಬೋರ್ಡು ಇಲ್ಲ ಅಂದರೆ?

ನವೆಂಬರ್ 4, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆಯಿಂದ ಮಂಜು. ನಾಲ್ಕು ಸಾಲು ಆಚೆಗೆ ಏನೂ ಕಾಣದು. ಇಂಥ ದಿನ ಎಲೆ ಕೀಳುವವರು ಆಗಾಗ “ಕೂ” ಎಂದು ಕೂಗು ಹಾಕುತ್ತಾರೆ. ಆಚೆಯವರು “ಓ” ಅನ್ನಬೇಕು, ಅವರ ಆಚೆಯವರೂ “ಓ” ಅನ್ನಬೇಕು. ಟೀ ಸಾಲುಗಳ ನಡುವೆ ಕಾಟಿ ಬರುತ್ತದೆ. ದೊಡ್ಡ ಕಾಡುಕೋಣ, ಮಂಜಿನಲ್ಲಿ ಎದುರಿಗೆ ಬರುವವರೆಗೆ ಗೊತ್ತೇ ಆಗುವುದಿಲ್ಲ. ಒಂದು ಓ ಕಡಿಮೆಯಾದರೆ ಎಲ್ಲರೂ ಕೆಲಸ ನಿಲ್ಲಿಸಿ ಅತ್ತ ಹೋಗಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಅಮ್ಮನ ಬೆನ್ನ ಹಿಂದೆ ಬುಟ್ಟಿ ಹಿಡಿದು ನಡೆಯುವಾಗಲೇ ನಾನೂ ಓ ಅನ್ನುತ್ತಿದ್ದೆ.

ಇವತ್ತು ಅಪ್ಪ, ಸೆಂಥಿಲ್ ಮಷಿನ್ ಹಿಡಿದಿದ್ದರು. ಚೀಲದ ಹಿಂದೆ ನಾನು. ಆ ಇಂಜಿನ್ನಿನ ಸದ್ದಿನಲ್ಲಿ ನನ್ನ ಕೆಮ್ಮು ನನಗೇ ಕೇಳಿಸುತ್ತಿರಲಿಲ್ಲ. ಕೂಗಿನ ನೆನಪು ನಮ್ಮಲ್ಲೊಬ್ಬರಿಗೂ ಬರಲಿಲ್ಲ. ಅಪ್ಪನಿಗೂ ಬರಲಿಲ್ಲ, ಈ ಮಂಜಿನಲ್ಲೇ ಹುಟ್ಟಿ ಬೆಳೆದವರಿಗೆ!

ಅಭ್ಯಾಸಬಲದಿಂದ ಪಕ್ಕಕ್ಕೆ ನೋಡುತ್ತಿದ್ದೆ. ಬಿಳಿ ಮಂಜಿನಲ್ಲಿ ಒಂದು ಕಡೆ ಕಪ್ಪು ಹೆಚ್ಚಾಗಿತ್ತು. ಬಂಡೆ ಅಲ್ಲ, ಅಲ್ಲಿ ಬಂಡೆ ಇಲ್ಲ. ಕಪ್ಪು ತಲೆ ಎತ್ತಿತು. ಕಿರುಚಿದೆ, ಅಪ್ಪನಿಗೆ ಕೇಳಿಸಲಿಲ್ಲ. ಚೀಲ ಬಿಟ್ಟು ಓಡಿಹೋಗಿ ಅವರ ಬೆನ್ನಿಗೆ ಗುದ್ದಿದೆ. ಇಂಜಿನ್ ನಿಂತಿತು.

ಆ ನಿಶ್ಶಬ್ದದಲ್ಲಿ ಮಾಮಿಯ “ಕೂ” ಕೇಳಿಸಿತು. ದೂರದಿಂದಲ್ಲ. ಆ ಕಪ್ಪಿನ ಆಚೆ ಬದಿಯಿಂದ, ತೀರ ಹತ್ತಿರದಿಂದ. ದನಿ ಒಡೆದಿತ್ತು. ಎಷ್ಟೋ ಹೊತ್ತಿನಿಂದ ಕೂಗಿ, ನಮ್ಮಿಂದ ಓ ಬಾರದೆ, ನಮಗೇನೋ ಆಯಿತೆಂದು ಒಬ್ಬಳೇ ಗಡಿ ದಾಟಿ ಹುಡುಕಿಕೊಂಡು ಬರುತ್ತಿದ್ದಳು. ಇನ್ನೊಂದಿಷ್ಟು ನಡೆದಿದ್ದರೆ ನೇರ ಅದರ ಕೊಂಬಿಗೆ.

“ಓ!” ಅಂದೆ. “ಮಾಮಿ, ಓ! ಅಲ್ಲೇ ನಿಲ್ಲು! ಮುಂದೆ ಕಾಟಿ!”

“ಓ” ಅಂತು ಮಂಜು. ಆಮೇಲೆ, ಸಣ್ಣಗೆ, “ನಿಂತೆ. ಎಲ್ಲರೂ ಇದ್ದೀರಾ?”

“ಎಲ್ಲರೂ ಇದ್ದೀವಿ.”

ಕಾಟಿ ನಮ್ಮ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿತು. ಇವರ ಸಂಸಾರದ ಗಲಾಟೆ ನನಗೇಕೆ ಅನ್ನುವ ಹಾಗೆ ಕಾಡಿನ ಕಡೆಗೆ ಇಳಿದುಹೋಯಿತು. ನಾನು ಸಾಲುಗಳನ್ನು ಹಾರಿಕೊಂಡು ಮಾಮಿಯ ಹತ್ತಿರ ಓಡಿದೆ. ಅವಳ ಕೈ ತಣ್ಣಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಅಪ್ಪನ ಕಡೆ ತಿರುಗಿದಳು. ಹತ್ತು ಹನ್ನೆರಡು ದಿನದ ಮೇಲೆ ಅವರ ಜೊತೆ ಆಡಿದ ಮೊದಲ ಮಾತು:

“ಕೂಗಿದರೆ ಓ ಅನ್ನದ್ದು ತೋಟದಲ್ಲಿ ಇರಬಾರದು ಮೋಹನ. ಮನುಷ್ಯ ಆಗಲಿ, ಮಷಿನ್ ಆಗಲಿ.”

ಅಪ್ಪ ತಲೆ ಬಾಗಿಸಿದರು. ಮಾಮಿ ಸ್ವಲ್ಪ ಹೊತ್ತು ಬಿಟ್ಟು ಕೈಯಿಟ್ಟಳು.

ನವೆಂಬರ್ 6, ಗುರುವಾರ

ಮಷಿನ್ ವಾಪಸ್ ಕಳಿಸುತ್ತೇನೆ ಎಂದು ಅಪ್ಪ ಹೊರಟರೆ ಮಾಮಿಯೇ ತಡೆದಳು. “ಸುಮ್ಮನೆ ಇರು. ಎಲೆ ಬಲಿತುಹೋಗ್ತಾ ಇದೆ, ನನ್ನ ಕೈ ಎಷ್ಟಂತ ಓಡ್ತದೆ?” ಅಂದು ತನ್ನ ಷರತ್ತು ಹೇಳಿದಳು. ಒಂದು ಸಾಲು ಮುಗಿದ ಕೂಡಲೇ ಮಷಿನ್ ನಿಲ್ಲಬೇಕು. ಕೂಗಬೇಕು. ಓ ಬಂದ ಮೇಲೆಯೇ ಮತ್ತೆ ಶುರು. ಗಡಿ ಇಲ್ಲ, ಎಲ್ಲರೂ ಎಲ್ಲ ಕಡೆ. ಕೈಯವರು ಮುಂದೆ ಹೋಗಿ ಹಳೆಯ ಗಿಡಗಳನ್ನು ನೋಡಿಕೊಳ್ಳುವುದು, ಉಳಿದದ್ದು ಮಷಿನ್ನಿಗೆ. ಮತ್ತೆ, ಮಷಿನ್ ಹಿಡಿಯುವುದು ಹೊರಗಿನವರಲ್ಲ, ಎಲೆ ಕೀಳುವವರೇ, ಸರದಿಯ ಮೇಲೆ.

ಮೊದಲ ಸರದಿ ಅವಳೇ ಹಿಡಿದಳು! ಇನ್ನೊಂದು ತುದಿಗೆ ನಾನು. ಸೆಂಥಿಲ್ ಪಕ್ಕದಲ್ಲಿ “ಅಮ್ಮಾ ಮೆದುವಾಗಿ, ಮೆದುವಾಗಿ” ಅನ್ನುತ್ತಲೇ ಇದ್ದ. ರಸ್ತೆಯ ಬದಿಯ ಗಿಡವೊಂದು ನಮ್ಮ ಕೈಯಲ್ಲಿ ಪೂರ್ತಿ ಬೋಳಾಯಿತು. ಬಸ್ಸಿನಲ್ಲಿ ಹೋಗುವವರೆಲ್ಲ ನೋಡುವ ಜಾಗ. ಮಾಮಿ ಅದನ್ನೇ ದಿಟ್ಟಿಸಿ ನೋಡಿ, “ಇದು ಕೂಸಿನ ಕಡೆಯಿಂದ ಆದದ್ದು” ಎಂದು ತೀರ್ಪು ಕೊಟ್ಟಳು.

ಸಂಜೆಗೆ ತೋಳು ಬಿದ್ದುಹೋಗಿದೆ. ಅವರೆಕಾಳಿನ ಸಾರು, ಮಾಮಿಯ ಉದಕ, ಎರಡು ಸಲ ಬಡಿಸಿಕೊಂಡೆ.

ನವೆಂಬರ್ 9, ಭಾನುವಾರ

ಪ್ರಬಂಧದ ಶೀರ್ಷಿಕೆ ಅಷ್ಟು ಸರಿಯಿಲ್ಲ ಅನ್ನಿಸಿ ತೆಗೆದೆ. ಹಾಗೆಯೇ ಒಂದಿಷ್ಟು ಒಳಗೂ ತಿದ್ದಿದೆ. ತಿದ್ದುತ್ತ ಹೋದರೆ ಹಳೆಯದರಲ್ಲಿ ಉಳಿದದ್ದು ಬೇಪೂರಿನವರ ಮಾತು ಮಾತ್ರ, ಎರಡೂ ವಾಕ್ಯ.

ಸಂತೋಷನಿಗೆ ಫೋನ್ ಮಾಡಿದೆ. “ಮೇಲೆ ಸುಮ್ಮನೆ ನಿಂತಿದ್ದರೆ ಸಾಲದು ಕಣೋ. ಯಾರಾದರೂ ಸಿಕ್ಕಿದರೆ ಅವಳನ್ನ ಕೆಳಗೆ ತರಬೇಕು, ರೆಕ್ಕೆ ಅಲ್ಲಾಡಿಸಬೇಕು, ಆಮೇಲೆ ಮತ್ತೆ ಮೇಲೆ ಹೋಗಿ ಕಾಯಬೇಕು. ಆಗುತ್ತಾ?”

“ಯಾರನ್ನ ಕೆಳಗೆ ತರಬೇಕು?”

“ನಿನ್ನ ವಿಮಾನವನ್ನ, ಇನ್ಯಾರನ್ನ?”

ಅವನು ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, “ಆಗ್ತದೆ. ಯಾರೂ ಕೇಳಿರಲಿಲ್ಲ” ಅಂದ. ಎತ್ತರ, ಗಾಳಿ, ಕ್ಯಾಮೆರಾ, ಎಲ್ಲಿಯವರೆಗೆ ಇಳಿಯಬಹುದು ಎಂದು ಲೆಕ್ಕ ಹಾಕುತ್ತ ಹಾಕುತ್ತ ಇಬ್ಬರಿಗೂ ಉತ್ಸಾಹ ಬಂತು. ಮಾಮಿ ಬಂದು ಫೋನಿನ ಹತ್ತಿರ ಬಾಯಿ ಇಟ್ಟು, “ಊಟ ಮಾಡಿಯಾ ತಮ್ಮಾ?” ಅಂದಳು. ಅವಳಿಗೆ ಯಾವ ಫೋನ್ ಬಂದರೂ ಅದೇ ಪ್ರಶ್ನೆ.

ನವೆಂಬರ್ 14, ಶುಕ್ರವಾರ

ಗೋಷ್ಠಿ ಮುಗಿಯಿತು. ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿದ್ದು ಮಾಮಿ. ಎಲ್ಲಿ ಸುಟ್ಟೀತೋ ಎಂದು ಮಂತ್ರ ಹೇಳಿಕೊಂಡು ಮಾಡಿದಳು.

ಹೇಳಿದ್ದು ಇಷ್ಟು. ಉದ್ದದ, ಬೇಸರದ, ನಿದ್ದೆಗೆಡುವ ಹುಡುಕಾಟ ಚಾಲಕರಹಿತ ವಿಮಾನಕ್ಕಿರಲಿ. ಹತ್ತಿರ ಹೋಗಿ ನಿರ್ಧರಿಸಬೇಕಾದದ್ದು, ತೆಪ್ಪ ಎಸೆಯಬೇಕಾದದ್ದು ಜನರಿರುವ ವಿಮಾನಕ್ಕಿರಲಿ. ಆದರೆ ಸಮುದ್ರವನ್ನು ಎರಡು ಪಾಲು ಮಾಡಿ ಹಂಚಬೇಡಿ. ಒಂದೇ ಸ್ಕ್ವಾಡ್ರನ್, ಬೆಳಿಗ್ಗೆ ಒಂದೇ ಕೋಣೆಯಲ್ಲಿ ಮಾತುಕತೆ, ಒಂದೇ ಮೇಜಿನಲ್ಲಿ ಊಟ. ಇವತ್ತು ವಿಮಾನದಲ್ಲಿ ಕುಳಿತವರು ನಾಳೆ ಚಾಲಕರಹಿತವನ್ನು ನಡೆಸುವ ನೆಲದ ಕ್ಯಾಬಿನ್ನಿನಲ್ಲಿ ಕೂರಲಿ, ಸರದಿಯ ಮೇಲೆ. ಸಮುದ್ರವನ್ನು ಬರಿಗಣ್ಣಿನಿಂದ ನೋಡಿದವರಿಗೆ ಪರದೆಯಲ್ಲಿ ಏನು ಕಾಣುತ್ತಿಲ್ಲ ಅನ್ನುವುದೂ ಗೊತ್ತಿರುತ್ತದೆ. ಕೊನೆಯದಾಗಿ, ನೀರಿನಲ್ಲಿರುವವರಿಗೆ ನಾವು ನೋಡಿದೆವೆಂದು ತಿಳಿಯಬೇಕು. ಯಂತ್ರವಾದರೂ ಓಗೊಡಬೇಕು.

ಹಿರಿಯರೊಬ್ಬರು ಎದ್ದು ಕೇಳಿದರು: “ಹಾಗಾದರೆ ಡಾರ್ನಿಯರ್ ಸಿಬ್ಬಂದಿಯನ್ನು ಎಷ್ಟು ಕಡಿಮೆ ಮಾಡಬಹುದು?”

“ಕೈ ಸಾಲದು ಅಂದೆ ಸರ್, ಕೈ ಬೇಡ ಅಂದಿಲ್ಲ” ಅಂದೆ. ಇಂಗ್ಲಿಷಿನಲ್ಲೇ ಹೇಳಿದ್ದು, ಆದರೂ ಮಾಮಿಯ ದನಿ ಬಂದುಬಿಟ್ಟಿತು. ಯಾರೋ ನಕ್ಕರು, ಅವರೂ ನಕ್ಕರು. “ಮೊದಲು ಸರದಿಯಲ್ಲಿ ಕೂರಲು ಯಾವ ಅಬ್ಸರ್ವರ್ ಒಪ್ಪುತ್ತಾರೆ?” ಎಂದರು. ಅಷ್ಟರಲ್ಲಿ ಟೀ ಬಂತು.

ಟೀ ಚೆನ್ನಾಗಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಎಲೆ ಬೆಳೆಯುತ್ತೇವೆ, ನಮಗೆ ಸಿಗುವುದು ಪುಡಿ.

ನವೆಂಬರ್ 22, ಶನಿವಾರ

ಬಿಸಿಲು. ಅವಲಾಂಚ್ ಅಣೆಕಟ್ಟಿನ ಕಡೆಯ ಬೆಟ್ಟ ತೊಳೆದಿಟ್ಟ ಹಾಗಿದೆ. ರಸ್ತೆ ಬದಿಯ ಬೋಳು ಗಿಡದಲ್ಲಿ ಚಿಗುರು ಬಂದಿದೆ ಎಂದು ಮಾಮಿ ಕರೆದು ತೋರಿಸಿದಳು. “ನನ್ನ ಕಡೆಯಿಂದ ಬಂದದ್ದು” ಅಂದಳು. ಬೋಳು ಮಾಡಿದ್ದು ನಾನು, ಚಿಗುರಿಸಿದ್ದು ಅವಳು!

ಈಗ ಮರದ ಕೆಳಗೇ ಎಲ್ಲರ ಟೀ. ಕೈಯಲ್ಲಿ ಕಿತ್ತದ್ದಕ್ಕೆ ಬೇರೆ ಚೀಲ, ಮಷಿನ್ನಿನದ್ದಕ್ಕೆ ಬೇರೆ ಚೀಲ. ಫ್ಯಾಕ್ಟರಿಯವರ ಮೂಗು ನೆಟ್ಟಗಾಗಿದೆ. ಇವತ್ತು ಮಷಿನ್ ನಿಂತಾಗಲೆಲ್ಲ ಕೂಗು ಹಾಕುವುದು ನನ್ನ ಕೆಲಸ. ದನಿ ಚೆನ್ನಾಗಿದೆ ಅಂದರು. ಸಂತೋಷವಾಗಿದ್ದೇನೆ, ಕಾರಣ ಹುಡುಕಲು ಹೋಗುವುದಿಲ್ಲ.

ಬೋರ್ಡ್ ಬುಧವಾರವೋ ಗುರುವಾರವೋ. ಕಾಗದ ನೋಡಬೇಕು.

ನವೆಂಬರ್ 27, ಗುರುವಾರ

ಫಿಟ್! ಹಾರಬಹುದು! ಡಾಕ್ಟರು ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಕಣ್ಣು ಕಟ್ಟಿ ನಡೆಸಿದರು. “ಎಂಥ ಅಭ್ಯಾಸ ಮಾಡಿದಿರಿ?” ಎಂದರು. ಟೀ ಎಲೆ ಕೊಯ್ದೆ ಅಂದೆ. ತಮಾಷೆ ಅಂದುಕೊಂಡರು.

ಅಪ್ಪ ಹಟ್ಟಿಗೆಲ್ಲ ಲಡ್ಡು ಹಂಚಿದರು.

ಡಿಸೆಂಬರ್ 3, ಬುಧವಾರ

ಹೊರಟೆ. ಬಾಗಿಲಲ್ಲಿ ಮಾಮಿಗೆ ತಲೆ ಬಾಗಿಸಿದೆ. ಬೇಕೆಂದೇ ಉದ್ದಕ್ಕೆ ಹರಸಿದಳು: ಹಸು, ಕರು, ಮನೆ, ಮಕ್ಕಳು, ಆಯುಸ್ಸು, ಕಾಣದ ಗಂಡ, ಕೊನೆಗೆ ವಿಮಾನ ಕೂಡ ಬಂತು. ಕೈ ತೆಗೆದು, “ಮುಗಿಸೋ ತನಕ ನಿಂತೆ ಕೂಸೆ” ಅಂದಳು, ಅಷ್ಟೇ. ಇಬ್ಬರೂ ಅತ್ತೆವು, ಇಬ್ಬರೂ ತಪ್ಪನ್ನು ಚಳಿಯ ಮೇಲೆ ಹಾಕಿದೆವು. ತಿರುವುಗಳಲ್ಲಿ ಕಿಟಕಿಯಾಚೆ ನೋಡುತ್ತ ಬಂದೆ.

ಡಿಸೆಂಬರ್ 16, ಮಂಗಳವಾರ, ಕೊಚ್ಚಿ

ಹೊಸ ವಿಮಾನಗಳು ಬಂದಿವೆ. ಕಮಾಂಡಿಂಗ್ ಆಫೀಸರ್ ನನ್ನ ಪ್ರಬಂಧವನ್ನೇ ಎತ್ತಿ ಹಿಡಿದು, ಪ್ರಯೋಗಕ್ಕೆ ಒಂದು ತಂಡ ಮಾಡಿದ್ದಾರೆ. ನೆಲದ ಕ್ಯಾಬಿನ್ನಿನಲ್ಲಿ ಪೈಲಟ್ ಸಂತೋಷ್, ಪರದೆಯ ಮುಂದೆ ನಾನು. ಯಾರು ಮೊದಲು ಎಂದು ಕೇಳಿದಾಗ ಕೈ ಎತ್ತಿದ್ದೆ. ಎಲ್ಲರೂ ತಿರುಗಿ ನೋಡಿದರು, ಯಾಕೋ.

ಇವತ್ತು ಮಧ್ಯಾಹ್ನ ದೋಣಿಯೊಂದು ಇಂಜಿನ್ ಕೆಟ್ಟು ತೇಲುತ್ತಿದೆ ಎಂದು ಸುದ್ದಿ ಬಂತು. ಗಾಳಿ ಜೋರಾಗಿತ್ತು. ಪರದೆಯಲ್ಲಿ ಅಲೆ, ಅಲೆ, ಅಲೆ. ಆಮೇಲೆ ಅಲೆಯಲ್ಲದ ಒಂದು ಚುಕ್ಕೆ. “ಅಲ್ಲಿ” ಅಂದೆ. ಹತ್ತಿರದ ಹಡಗಿಗೆ ತಿಳಿಸಿದೆವು, ನಮ್ಮ ಡಾರ್ನಿಯರ್ ಹೊರಟಿತು. ಅದು ಬರುವ ತನಕ ನಾವಿದ್ದೆವು. ಸಂತೋಷ್ ಅವಳನ್ನು ಮೆಲ್ಲಗೆ ಕೆಳಗೆ ತಂದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಪರದೆಯಲ್ಲಿ ದೋಣಿಯ ಮೇಲೆ ಸಣ್ಣ ಸಣ್ಣ ಜನ ಎದ್ದು ನಿಂತರು. ಒಬ್ಬ ಅಂಗಿ ಬಿಚ್ಚಿ ಬೀಸಿದ. ಸದ್ದಿಲ್ಲದ ಚಿತ್ರ ಅದು. ಆದರೂ ನಾನು ಕ್ಯಾಬಿನ್ನಿನಲ್ಲಿ ಎದ್ದುನಿಂತು ಜೋರಾಗಿ “ಓ!” ಅಂದುಬಿಟ್ಟೆ. ಸಂತೋಷ್ ನಗಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

ಎಲ್ಲರನ್ನೂ ಹಡಗು ಎತ್ತಿಕೊಂಡಿತು. ಒಂದೇ ಮೇಜಿನಲ್ಲಿ ಊಟ ಮಾಡಿದೆವು, ಡಾರ್ನಿಯರಿನವರೂ ನಾವೂ, ಸಿಕ್ಕಾಪಟ್ಟೆ ಗದ್ದಲ ಮಾಡಿಕೊಂಡು. ಮಾಮಿಗೆ ಫೋನ್ ಮಾಡಿದೆ. “ಊಟ ಮಾಡಿಯಾ?” ಅಂದಳು. ಆಮೇಲೆ, “ಎಲ್ಲರೂ ಇದ್ದಾರಾ?” ಎಲ್ಲರೂ ಇದ್ದಾರೆ ಅಂದೆ.

ನಾಳೆಯ ಪ್ರಯೋಗಕ್ಕೆ ಇನ್ನೂ ಕೆಳಗೆ ಇಳಿಸಿ ನೋಡಬೇಕು, ಇವತ್ತಿನದು ಸ್ವಲ್ಪ ಎತ್ತರವಾಯಿತು. ಬೇಗ ಮಲಗಬೇಕು. ಅಂದಹಾಗೆ, ಸ್ಕ್ವಾಡ್ರನ್ ಕಚೇರಿಯ ಮಲಯಾಳಿ ಹುಡುಗಿ ಹಾರಾಟದ ರೋಸ್ಟರ್ ಹಿಡಿದುಕೊಂಡು ಬಂದು, “ಮ್ಯಾಡಮ್, ನೀವು ಡಾರ್ನಿಯರಿನಲ್ಲಿ ಮತ್ತೆ ಹಾರುವುದು ನಿನ್ನೆ ಇತ್ತಲ್ಲ, ಬರಲೇ ಇಲ್ಲ. ಯಾವತ್ತಿಗೆ ಹಾಕಲಿ?” ಎಂದು ಕೇಳಿದಳು. ಹೌದಲ್ಲ! ಮರೆತೇಹೋಗಿತ್ತು. ಸರದಿ ಬಂದಾಗ ಹಾಕು ಅಂದೆ.